ಎತ್ತರದ ಚೆಂಡು

ಮೊನ್ನೆ ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿದಾಗ ಪಕ್ಕದಲ್ಲಿ ಕೂತವರ ಮಂಡಿಯಿಂದ ನೋವಿನ ಮುಲಾಮಿನ ವಾಸನೆ ಬಂತು. ಎದ್ದು ಬೇರೆ ಬೋಗಿಗೆ ಹೋದೆ. ಆ ವಾಸನೆ ನನಗೆ ಆಗುವುದಿಲ್ಲ...

ವರ್ಷಗಳ ಹಿಂದಿನ ಮಾತು. ಕಾಲೇಜು ವಾಲಿಬಾಲ್ ಫೈನಲ್‌ಗೆ ಇನ್ನೆರಡು ದಿನ ಇತ್ತು. ಎಂದಿನಂತೆ ಅಭ್ಯಾಸಕ್ಕೆ ಮೊದಲು ನಮ್ಮ ಸ್ಮ್ಯಾಶರ್‌ಳ ಬಲಭುಜಕ್ಕೆ ಮುಲಾಮು ತಿಕ್ಕಿದೆ. ನಾನು ತಂಡದ ಲಿಫ್ಟರ್. ಅವಳು ಹೊಡೆಯುವ ಚೆಂಡನ್ನು ಎತ್ತಿಕೊಡುವವಳು. ಎರಡು ಸೆಟ್ಟು ದಾಟಿದರೆ ಅವಳ ಭುಜ ಮೇಲೇಳುವುದಿಲ್ಲವೆಂದು ನನಗೊಬ್ಬಳಿಗೇ ಗೊತ್ತಿತ್ತು. ಅದಕ್ಕೇ ಮೂರನೇ ಸೆಟ್ಟಿನಿಂದ ಚೆಂಡನ್ನು ನೆಟ್ಟಿಗೆ ಹತ್ತಿರ, ತಗ್ಗಿಸಿ ಕೊಡುತ್ತಿದ್ದೆ. ಅವಳು ಮಣಿಕಟ್ಟಿನಲ್ಲೇ ಹೊಡೆದು ಮುಗಿಸುತ್ತಿದ್ದಳು. ಫೈನಲ್ ನೋಡಲು ಕಾರ್ಖಾನೆಯೊಂದರವರು ಬರುವವರಿದ್ದರು. ಆಟದ ಕೋಟಾದಲ್ಲಿ ಒಂದೇ ಕೆಲಸ. ಅದು ಅವಳಿಗೆ ಬೇಕೇ ಬೇಕಿತ್ತು.

"ಕೋಚ್ ಸಾರ್‌ಗೆ ಗೊತ್ತಾದ್ರೆ ಬೆಂಚಲ್ಲಿ ಕೂರಿಸ್ಬಿಡ್ತಾರೆ ಕಣೇ, ಹೇಳ್ಬೇಡ," ಅಂದಳು.

ಆ ಸಂಜೆ ಸಾರ್ ಕೂರಿಸಿದ್ದು ನನ್ನನ್ನು. ನನ್ನ ಜಾಗಕ್ಕೆ ಮೊದಲ ವರ್ಷದ ಹುಡುಗಿ, ಚಂದಾಪುರದವಳು. ಆಟ ಶುರುಮಾಡಿ ಆರು ತಿಂಗಳೂ ಆಗಿರಲಿಲ್ಲ. ಬೆರಳು ಮಾತ್ರ... ಸುಳ್ಳು ಹೇಳುವುದಿಲ್ಲ, ಚೆಂಡು ಅವಳ ಕೈಯಿಂದ ಸದ್ದೇ ಇಲ್ಲದೆ ಹೋಗುತ್ತಿತ್ತು.

"ಮೂರು ವರ್ಷ ಆಡಿದೀನಿ ಸಾರ್," ಅಂದೆ.

"ನಿನ್ ಎಕ್ಸ್‌ಪೀರಿಯನ್ಸ್ ಇಟ್ಕೊಂಡು ಉಪ್ಪಿನಕಾಯಿ ಹಾಕ್ಕೋ. ಆ ಕೈ ನೋಡಮ್ಮ!"

ಎಲ್ಲರೂ ನಕ್ಕರು. ನಮ್ಮ ಸ್ಮ್ಯಾಶರ್ ಕೂಡ ನಕ್ಕಳು.

ಜಾಗ ಬಿಡುವ ಲಿಫ್ಟರ್ ಹೊಸಬಳನ್ನು ಕೂರಿಸಿಕೊಂಡು ಯಾರಿಗೆ ಚೆಂಡು ಹೇಗೆ ಬೇಕೆಂದು ಹೇಳಿಕೊಡುವುದು ನಮ್ಮ ತಂಡದ ರೂಢಿ. ಆ ಹುಡುಗಿ ತಾನೇ ಬಂದು ನಮ್ಮ ಸ್ಮ್ಯಾಶರ್ ಕಡೆ ತೋರಿಸಿ ಕೇಳಿದಳು: "ಅಕ್ಕಾ, ಆ ಅಕ್ಕಂಗೆ ಬಾಲ್ ಎಂಗೆ ಕೊಡ್ಬೇಕು?"

"ನಿಂಗ್ಯಾಕಮ್ಮ ಹೇಳ್ಕೊಡ್ಬೇಕು, ಹುಟ್ಟುವಾಗ್ಲೇ ಕಲ್ತ್ಕೊಂಡು ಬಂದಿದ್ದೀಯಲ್ಲ," ಅಂದೆ.

ಫೈನಲ್‌ನ ಮೂರನೇ ಸೆಟ್ಟಿನಲ್ಲೂ ಆ ಹುಡುಗಿ ಚೆಂಡನ್ನು ಎತ್ತರಕ್ಕೇ ಕೊಟ್ಟಳು, ಒಂದಕ್ಕಿಂತ ಒಂದು ಚೆಂದ. ನಾನು ಬೆಂಚಿನ ಮೇಲೆ ಕೂತಿದ್ದೆ. ಒಂದು ಮಾತು ಸಾಕಿತ್ತು... ಹಾರಿ ಕೈಬೀಸಿದ ನಮ್ಮ ಸ್ಮ್ಯಾಶರ್ ಭುಜ ಹಿಡಿದುಕೊಂಡೇ ಕೆಳಗಿಳಿದಳು. ಕಾರ್ಖಾನೆಯವರು ಎದುರು ತಂಡದ ಹುಡುಗಿಯನ್ನು ಆರಿಸಿಕೊಂಡರು.

ಆಟೋದಲ್ಲಿ ಬರುವಾಗ ನಮ್ಮ ಸ್ಮ್ಯಾಶರ್ ಕೇಳಿದಳು: "ನೀನು ಆ ಹುಡುಗಿಗೆ ಹೇಳಿರ್ತೀಯ ಅನ್ಕೊಂಡಿದ್ದೆ. ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ಬೇಡ ಅಂದಿದ್ದಲ್ಲ."

"ಸಾರ್‌ಗೆ ಹೇಳ್ಬೇಡ ಅಂದಿದ್ದೆ ಕಣೇ."

ಮುಂದೆ ಅವಳು ಪೀಣ್ಯದ ಗಾರ್ಮೆಂಟ್ಸ್ ಒಂದಕ್ಕೆ ಸೇರಿದಳು. ಹಬ್ಬಕ್ಕೆ ಫೋನು ಮಾಡುತ್ತಿದ್ದಳು. ಆ ಪಂದ್ಯದ ಮಾತು ಎತ್ತುತ್ತಿರಲಿಲ್ಲ. ಹೋದ ತಿಂಗಳು ಡೆಂಗಿ ಜ್ವರದಲ್ಲಿ ತೀರಿಕೊಂಡಳು. ಮಣ್ಣಿಗೆ ಸಾರ್ ಬಂದಿದ್ದರು. "ಪಾಪ, ಅವತ್ತು ಲಕ್ ಇರ್ಲಿಲ್ಲ ಅಷ್ಟೆ," ಅಂದರು. ಮುಖ ತಿರುಗಿಸಿಕೊಂಡೆ. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಆ ಹುಡುಗಿಯ ಬೆರಳುಗಳ ಮೇಲೂ ಇದೆ.

ಅಂದು ನಾನು ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದೆ. ಅದನ್ನು ಅವಳಿಗೆ ಒಮ್ಮೆಯೂ ಹೇಳಲಿಲ್ಲ. ಈಗ ಕೇಳಲು ಅವಳಿಲ್ಲ.