ಅಕ್ಕಚ್ಚಿನ ಟಬ್ಬು

ಕಾರವಾರದಲ್ಲಿ ನನ್ನ ಅಂಗಡಿಯ ಗಿರಾಕಿ ಕಾಯುತ್ತಿದ್ದ. ನಾನು ಬೊಬ್ರುವಾಡದ ಮನೆಯಂಗಳದಲ್ಲಿ ನನ್ನ ಕಾರಿನಡಿ ಮಲಗಿದ್ದೆ. ಇಂಜಿನ್ ತಂಪಿಡುವ ರೇಡಿಯೇಟರಿನ ಹಳೇ ಕೂಲೆಂಟ್ ನೀರು ಇಳಿಸುವುದು ದೊಡ್ಡ ಕೆಲಸವಲ್ಲ. ಇಂಜಿನ್ ತಣಿಯುವ ತನಕ ಕಾಯುವುದಿದೆಯಲ್ಲ, ಅದು ನನ್ನಿಂದಾಗುವುದಿಲ್ಲ. ಅಂತೂ ತಣಿಯಿತು. ಅವಸರದಲ್ಲಿ ಕೈಗೆ ಸಿಕ್ಕ ಅಗಲದ ಟಬ್ಬಿಗೆ ಆ ಹಸಿರು ನೀರು ಇಳಿಸಿ, ಅದನ್ನು ಆಚೆ ದೂಡಿ, ನಟ್ಟು ಬಿಗಿಯತೊಡಗಿದೆ.

ಆಗ ಕಣ್ಣೆದುರು ಗೊರಸುಗಳು ಕಂಡವು. ಪಕ್ಕದ ಮನೆ ನಾಗವೇಣಿಯಕ್ಕನ ಆಕಳು. ಅಕ್ಕಿ ತೊಳೆದ ಅಕ್ಕಚ್ಚನ್ನು ನಮ್ಮ ಮನೆಯವಳು ದಿನಾ ಅದಕ್ಕೆ ಇಡುವುದು ಅದೇ ಟಬ್ಬಿನಲ್ಲಿ. ಮಲಗಿದಲ್ಲಿಂದಲೇ ಟಬ್ಬನ್ನು ಎಳೆದು ಅಪ್ಪಿಕೊಂಡೆ.

ಅಕ್ಕ ಬೇಲಿಯಾಚೆಯಿಂದ ನೋಡುತ್ತಿದ್ದರು. "ಸಾವ್ಕಾರ್ರೆ, ಅಕ್ಕಚ್ಚಿಗೂ ಜಿಪುಣತನ ಮಾಡ್ತ್ರಾ?"

"ಅಕ್ಕಚ್ಚಲ್ಲ ಅಕ್ಕಾ, ಕಾರಿನ ನೀರು. ಸಿಹಿ ಇರ್ತದೆ, ಆದ್ರೆ ವಿಷ. ಆಕಳು ಹಿಡೀರಿ ಮೊದ್ಲು."

ಅಕ್ಕ ಓಡಿಬಂದು ಕೊರಳ ಹಗ್ಗ ಹಿಡಿದು ಮೂತಿ ಎತ್ತಿ ನೋಡಿದರು. ಎಲ್ಲೂ ಹಸಿರು ಅಂಟಿರಲಿಲ್ಲ. "ವಿಷ ಹಾಕೂಕೆ ನಿಮ್ಗೆ ನಮ್ಮ ಆಕಳ ಟಬ್ಬೇ ಬೇಕಾಯ್ತಾ?"

ನಾನು ಟಬ್ಬು ಬಿಡದೆ ಕಾರಿನಡಿಯಿಂದ ತೆವಳಿ ಹೊರಬಂದೆ.

ಅಕ್ಕಚ್ಚಿಗೆ ಹೊಸ ಟಬ್ಬು ತಂದಿಟ್ಟಿದ್ದೇನೆ. ಆದರೂ ಅಕ್ಕ ಈಗ ದಿನಾ ಬೇಲಿಯ ಹತ್ತಿರ ನಿಂತು ನನ್ನ ಹೆಂಡತಿಯನ್ನು ಕೇಳುತ್ತಾರೆ: "ಸಾವ್ಕಾರ್ರು ಅಂಗಡಿಗೆ ಹೋದ್ರಾ?" ಹೋದರು ಎಂದ ಮೇಲೇ ಆಕಳ ಹಗ್ಗ ಬಿಚ್ಚುವುದು.