ಇನ್ನೂ ಇದೆ ಅಂಕಲ್

ನಾನು ಸುಳ್ಳು ಹೇಳಿದ್ದೆ. ನನ್ನ ಓದಿನ ಸಾಲ ಪೂರ್ತಿ ತೀರಿ ಎಂಟು ತಿಂಗಳಾಗಿತ್ತು; ಆಗ ಶ್ರೀಕಂಠ ಅಂಕಲ್ ಕೇಳಿದ್ದಕ್ಕೆ "ಇನ್ನೂ ಇದೆ" ಎಂದುಬಿಟ್ಟೆ. ಆ ಮಾತಿನಿಂದ ಅವರು ಏನು ಕಳೆದುಕೊಂಡರೆಂದು ನನಗೆ ಗೊತ್ತು. ಅದು ಸುಳ್ಳೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಆಕ್ಲೆಂಡಿಗೆ ನಾನು ಬಂದದ್ದು ಓದಲು, ಮೈಸೂರಿನ ಬ್ಯಾಂಕೊಂದರಲ್ಲಿ ಅಪ್ಪ ಸಹಿ ಹಾಕಿ ಕೊಡಿಸಿದ ಸಾಲದಲ್ಲಿ. ಓದು ಮುಗಿದು ಊರಿನ ಉತ್ತರಕ್ಕಿರುವ ಆಲ್ಬನಿಯಲ್ಲಿ ಕೆಲಸ ಸಿಕ್ಕಿತು. ಬಾಡಿಗೆ ಅಗ್ಗವೆಂದು ಹಿಲ್ಸ್‌ಬರೋದಲ್ಲಿ ಮೂವರು ಫ್ಲಾಟ್‌ಮೇಟ್‌ಗಳ ಜೊತೆ ಒಂದು ಕೋಣೆ ಹಿಡಿದೆ. ಮನೆ ಊರಿನ ಈ ತುದಿ, ಕೆಲಸ ಆ ತುದಿ. ಎರಡು ಬಸ್ಸು ಬದಲಿಸಬೇಕು. ಅಂಕಲ್ ಇಲ್ಲಿ ನಮ್ಮ ಹಿಂದಿನ ಬೀದಿಯವರು, ಮೂಲ ಮೈಸೂರಿನವರೇ, ಆಲ್ಬನಿಯ ಇನ್ನೊಂದು ಕಂಪನಿಯಲ್ಲಿ ಎಂಜಿನಿಯರ್. ಭಾನುವಾರ ಯುಗಾದಿ ಊಟದ ಪಂಕ್ತಿಯಲ್ಲಿ ಪರಿಚಯವಾದವರು ಸೋಮವಾರ ಬೆಳಿಗ್ಗೆ ಏಳಕ್ಕೆ ನನ್ನ ಮನೆಯ ಮುಂದೆ ಕಾರು ನಿಲ್ಲಿಸಿದ್ದರು. ಪೆಟ್ರೋಲಿಗೆಂದು ದುಡ್ಡು ಕೊಡಲು ಹೋದರೆ ಗದರಿದರು.

"ಮೊದ್ಲು ಸಾಲ ತೀರ್ಸ್ಕೋ ಪುಟ್ಟಾ. ಆಮೇಲೆ ನೀನೇ ಕಾರ್ ತಗೊಂಡು ನನ್ನ ಕೂರಿಸ್ಕೊಂಡು ಹೋಗುವಂತೆ."

ಮೂರು ವರ್ಷ ಹಾಗೇ ಹೋದೆ. ಅವರ ಹೆಂಡತಿ ವಿಮಲಾ ಆಂಟಿ ವಾರಕ್ಕೆರಡು ಸಲ ಹುಳಿ, ಪಲ್ಯ ತುಂಬಿದ ಡಬ್ಬಿಯನ್ನು ಕಾರಿನಲ್ಲೇ ಕಳಿಸುತ್ತಿದ್ದರು. ನಾನೋ — ಎಂಜಲು ಕೈಯಲ್ಲಿ ಕಾಗೆ ಓಡಿಸದವಳು. ಸೂಪರ್‌ಮಾರ್ಕೆಟ್ಟಿನಲ್ಲಿ ಸಂಜೆ ಬೆಲೆ ಇಳಿಸಿದ ಬ್ರೆಡ್ಡಿಗೆ ಕಾಯುವುದು, ಇಲ್ಲಿನ ಜುಲೈ ಚಳಿಯಲ್ಲಿ ಹೀಟರ್ ಹಾಕದೆ ಎರಡು ಸ್ವೆಟರ್ ಹಾಕಿಕೊಂಡು ಕೂರುವುದು, ಕನ್ನಡಿ ಮುಂದೆ ನಿಂತು ನನ್ನ ಕೂದಲನ್ನು ನಾನೇ ಕತ್ತರಿಸಿಕೊಳ್ಳುವುದು. ಇಲ್ಲಿನ ಕನ್ನಡದವರೆಲ್ಲ "ಪಾಪ, ಲೋನ್ ಇದೆ ಆ ಹುಡುಗಿಗೆ" ಎನ್ನುತ್ತಿದ್ದರು. ಹಬ್ಬಗಳಿಗೂ ಯಾರೂ ಚಂದಾ ಕೇಳುತ್ತಿರಲಿಲ್ಲ. ಊರಿನಿಂದ ಅಮ್ಮ ಮದುವೆಯ ಮಾತೆತ್ತಿದರೂ ಅದೇ ಉತ್ತರ — ಸಾಲ ತೀರಲಿ. ಕಷ್ಟಪಟ್ಟು ಬದುಕುವವಳೆಂಬ ಹೆಸರು ನನಗೆ ಹಿತವಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಿತವಾಗಿತ್ತು.

ಹಾಗಾಗಿ ಕೊನೆಯ ಕಂತು ಕಟ್ಟಿದ ದಿನ ಅಪ್ಪನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಸಾಲಕ್ಕೆ ಹೋಗುತ್ತಿದ್ದ ದುಡ್ಡನ್ನು ಮರುತಿಂಗಳಿಂದ ಸ್ವಂತ ಮನೆಗೆಂದು ಕೂಡಿಡತೊಡಗಿದೆ. ಸಾಲ ಇದ್ದಾಗ ಉಳಿಸಿದ್ದು ಮರ್ಯಾದೆಗೆ. ತೀರಿದ ಮೇಲೆ ಉಳಿಸಿದ್ದು — ಅದು ಬರೀ ಆಸೆ. ನಾಳೆ ಹೇಳೋಣ, ಹಬ್ಬಕ್ಕೆ ಹೇಳೋಣ ಎಂದುಕೊಳ್ಳುತ್ತಲೇ ಕಾರು ಹತ್ತುತ್ತಿದ್ದೆ.

ಒಂದು ಬೆಳಿಗ್ಗೆ ಹಾರ್ಬರ್ ಬ್ರಿಜ್ ಮೇಲೆ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಅಂಕಲ್ ರೇಡಿಯೋ ಸಣ್ಣಗೆ ಮಾಡಿ, ರಸ್ತೆಯನ್ನೇ ನೋಡುತ್ತ ಕೇಳಿದರು: "ಸಾಲ ಎಲ್ಲೀವರೆಗೂ ಬಂತು ಪುಟ್ಟಾ? ತೀರ್ತಾ?"

ಎಂದೂ ಕೇಳಿದವರಲ್ಲ. ಆ ದನಿಯಲ್ಲಿ ಏನೋ ಇತ್ತು, ನನಗೆ ತಿಳಿಯಿತು. ಆದರೂ ಬಾಯಿ ತಾನಾಗಿ ಆಡಿತು.

"ಇನ್ನೂ ಇದೆ ಅಂಕಲ್."

"ಆಗ್ಲಿ ಬಿಡು, ತೀರತ್ತೆ" ಎಂದು ರೇಡಿಯೋ ಮತ್ತೆ ಜೋರು ಮಾಡಿದರು.

ಇಷ್ಟೇ ಆಗಿದ್ದರೆ ಅರಿಯದೆ ಆದ ತಪ್ಪು ಎನ್ನಬಹುದಿತ್ತೇನೋ. ಆದರೆ ಒಂದು ತಿಂಗಳ ಬಳಿಕ ಮಧ್ಯಾಹ್ನ ಸಹೋದ್ಯೋಗಿಯೊಬ್ಬಳ ಜೊತೆ ಬಸ್ ನಿಲ್ದಾಣದ ಪಕ್ಕದ ಪಾರ್ಕಿಂಗ್ ದಾಟಿ ಹೋಗುವಾಗ ಅಂಕಲ್ ಕಾರು ಕಂಡಿತು. ಒಳಗೆ ಅಂಕಲ್. ತೊಡೆಯ ಮೇಲೆ ಊಟದ ಡಬ್ಬಿ, ಪಕ್ಕದ ಸೀಟಿನಲ್ಲಿ — ನನ್ನ ಸೀಟಿನಲ್ಲಿ — ತೆರೆದಿಟ್ಟ ಲ್ಯಾಪ್‌ಟಾಪ್, ಕಿಟಕಿಗೆ ಒಣಗಹಾಕಿದ ಟವೆಲ್. ಒಂದು ದಿನದ ಬಿಡಾರವಲ್ಲ ಅದು. ಕೆಲಸ ಹೋಗಿದೆ ಎಂದು ನೋಡಿದೊಡನೆ ಅರ್ಥವಾಯಿತು. ನನ್ನನ್ನು ಬೆಳಿಗ್ಗೆ ಬಿಟ್ಟು, ಎರಡು ಸಲ ಓಡಾಡಿದರೆ ಪೆಟ್ರೋಲ್ ದಂಡವೆಂದು, ಸಂಜೆ ನಾನು ಬರುವವರೆಗೆ ಅಲ್ಲೇ ಕೂರುತ್ತಿದ್ದರು. ನಾನು ಮುಖ ತಿರುಗಿಸಿಕೊಂಡು ಬೇಗ ಬೇಗ ನಡೆದುಬಿಟ್ಟೆ.

ಸಂಜೆ ಕಾರಿನಲ್ಲಿ "ಇವತ್ತು ಆಫೀಸಲ್ಲಿ ಸಿಕ್ಕಾಪಟ್ಟೆ ಕೆಲ್ಸ ಕಣಮ್ಮ" ಎಂದರು. "ಹೌದಾ ಅಂಕಲ್" ಎಂದೆ.

ಮರುದಿನವೂ ಕಾರು ಹತ್ತಿದೆ. ಬರಬೇಡಿ ಎನ್ನಬೇಕಾದರೆ ಸಾಲ ತೀರಿದ್ದನ್ನು ಹೇಳಬೇಕು. ಹೇಳಿದರೆ ಯಾವಾಗ ತೀರಿತೆಂಬ ಪ್ರಶ್ನೆ ಬರುತ್ತದೆ. ಇನ್ನೂ ಎರಡು ತಿಂಗಳು — ತಿಳಿದೂ ತಿಳಿದೂ — ಅವರನ್ನು ಆ ಪಾರ್ಕಿಂಗಿನಲ್ಲಿ ಕೂರಿಸಿದೆ. ಬಸ್ಸಿನ ಟಿಕೆಟ್ಟಿನ ದುಡ್ಡು ಉಳಿಯಿತು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇನ್ನೇನು?

ಕೊನೆಗೆ ಅವರೇ ಬಾಯಿಬಿಟ್ಟರು, ಅದೂ ಕ್ಷಮೆ ಕೇಳುವ ಹಾಗೆ. "ಕೆಲ್ಸ ಹೋಗಿದೆ, ಕಾರ್ ಮಾರ್ತಾ ಇದೀನಿ ಪುಟ್ಟಾ. ನೀನು ಬಸ್ಸಲ್ಲಿ ಓಡಾಡ್ಬೇಕಾಗತ್ತೆ. ಬೇಜಾರ್ ಮಾಡ್ಕೋಬೇಡ." ಕಾರಿನ ಹಿಂದೆಯೇ ಮನೆಯೂ ಹೋಯಿತು. ದೂರದ ಊರು ಹೇಸ್ಟಿಂಗ್ಸ್‌ನಲ್ಲಿ ಹಣ್ಣು ಪ್ಯಾಕ್ ಮಾಡುವ ಕಡೆ ಅವರಿಗೊಂದು ಕೆಲಸ ಸಿಕ್ಕಿತು.

ಅವರು ಹೊರಡುವ ಹಿಂದಿನ ದಿನ ಸಾಮಾನು ಕಟ್ಟಲು ನೆರವಾಗಲೆಂದು ಹೋದೆ. ಅಡುಗೆಮನೆಯಲ್ಲಿ ಪಾತ್ರೆಗೆ ಪೇಪರ್ ಸುತ್ತುತ್ತ ವಿಮಲಾ ಆಂಟಿ, ನನ್ನನ್ನು ನೋಡದೆಯೇ ಹೇಳಿದರು: "ಇವರ ಕೆಲ್ಸ ಹೋಯ್ತಲ್ಲ, ಆ ವಾರವೇ ಏರ್‌ಪೋರ್ಟ್ ಹತ್ರ ಗೋಡೌನಲ್ಲಿ ಬೇರೊಂದು ಬಂದಿತ್ತಮ್ಮ. ಬೆಳಿಗ್ಗೆ ಆರಕ್ಕೆಲ್ಲ ಅಲ್ಲಿರ್ಬೇಕಿತ್ತು, ನಿನ್ನ ಬಿಡೋಕಾಗ್ತಿರ್ಲಿಲ್ಲ. ಹೋಗಿದ್ರೆ ಮನೆ ಕಂತಾದ್ರೂ ನಡೀತಿತ್ತು. ಅವಳ ಸಾಲ ತೀರಿದ್ಯಾ ಕೇಳ್ತೀನಿ, ತೀರಿದ್ರೆ ಒಪ್ಕೋತೀನಿ ಅಂದ್ರು. ಸಂಜೆ ಬಂದು, ಇಲ್ಲ, ಇನ್ನೂ ಇದ್ಯಂತೆ, ಮಗೂನ ನಡುನೀರಲ್ಲಿ ಹೇಗೆ ಕೈಬಿಡ್ಲಿ ಅಂದ್ಬಿಟ್ರು. ಇವರ ಹಟ ನಿಂಗೊತ್ತಲ್ಲ."

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಆಮೇಲಿನ ವರ್ಷಗಳಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡದ್ದುಂಟು: ಎಂಜಿನಿಯರ್ ಆಗಿದ್ದವರಿಗೆ ಗೋಡೌನಿನ ಕೆಲಸ ಬೇಡವಾಗಿತ್ತೇನೋ, ನಾನು ಬರೀ ನೆಪವೇನೋ... ಇರಬಹುದು. ಆದರೆ ಆ ನೆಪವನ್ನು ಅವರ ಕೈಗೆ ಕೊಟ್ಟವಳು ಯಾರು?

ಅಷ್ಟರಲ್ಲಿ ಅಂಕಲ್ ಪೆಟ್ಟಿಗೆ ಹೊತ್ತು ಒಳಗೆ ಬಂದರು. "ಹೆಂಗಿದೆ ಪುಟ್ಟಾ ಸಾಲದ ಕತೆ?"

"ತೀರಿತು ಅಂಕಲ್."

"ಹೌದಾ! ಯಾವಾಗ?"

ಯಾವಾಗ — ದೇವರು ಇನ್ನೊಂದು ಅವಕಾಶ ಕೊಟ್ಟಿದ್ದ. ಆಂಟಿ ಎದುರಿಗೇ ಇದ್ದರು.

"ಹೋದ ವಾರ" ಎಂದೆ.

"ವಿಮಲಾ, ಕೇಳಿದ್ಯಾ? ನಮ್ಮ ಹುಡುಗಿ ದಡ ಸೇರಿದ್ಲು! ಏನಾದ್ರೂ ಸಿಹಿ ಕೊಡೇ!" ಮನೆಯಲ್ಲಿ ಸಿಹಿ ಎಲ್ಲಿಂದ ಬರಬೇಕು? ಎಲ್ಲ ಕಟ್ಟಿಯಾಗಿತ್ತು. ಅಂಟಿಸಿದ್ದ ಪೆಟ್ಟಿಗೆಯೊಂದನ್ನು ಅವರೇ ಕಿತ್ತು, ಸಕ್ಕರೆ ಡಬ್ಬಿ ಹುಡುಕಿ ತೆಗೆದು, ಒಂದು ಚಿಟಿಕೆ ನನ್ನ ಬಾಯಿಗೆ ಹಾಕಿದರು. ಅವರ ಕಣ್ಣು ತುಂಬಿತ್ತು. ನನ್ನ ಸಾಲ ತೀರಿತೆಂದು. ಆಂಟಿಯೂ ನಕ್ಕು ನನ್ನ ತಲೆ ಸವರಿದರು.

ಇದಾಗಿ ಐದು ವರ್ಷ. ಕೂಡಿಟ್ಟ ದುಡ್ಡಿಗೆ ಆಲ್ಬನಿಯಲ್ಲೇ ಮನೆ ಕೊಂಡೆ. ಆಫೀಸಿಗೆ ನಡೆದೇ ಹೋಗುತ್ತೇನೆ. ಗೃಹಪ್ರವೇಶಕ್ಕೆ ಅವರನ್ನು ಕರೆಯಲು ಧೈರ್ಯ ಬರಲಿಲ್ಲ. ಆದರೂ ಪ್ರತಿ ಯುಗಾದಿಗೆ ಅವರೇ ಫೋನ್ ಮಾಡುತ್ತಾರೆ, ಊಟ ಮಾಡಿದ್ಯಾ ಎಂದು ಕೇಳುತ್ತಾರೆ.

ಈ ಶನಿವಾರ ಹೇಸ್ಟಿಂಗ್ಸ್‌ಗೆ ಹೋಗುತ್ತಿದ್ದೇನೆ. ಸಾಲ ಯಾವ ತಿಂಗಳು ತೀರಿತು, ಪಾರ್ಕಿಂಗಿನಲ್ಲಿ ಏನು ನೋಡಿದೆ, ಎಲ್ಲವನ್ನೂ ಅವರ ಮುಂದೆ ಕೂತು ಹೇಳುತ್ತೇನೆ. ಕ್ಷಮಿಸಿ ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ಅವರು ಕ್ಷಮಿಸಿಬಿಡುತ್ತಾರೆ.