ನವಿಲಿನ ಹಿಂಬದಿಯ ಗಂಟು

ಗಿರಿಜಾ, ನಿನ್ನ ಕಸೂತಿಯ ಹಿಂಬದಿಯಲ್ಲಿ ಗಂಟು ಹಾಕಿದವಳು ನಾನು. ನಿನ್ನ ಕೈ ತಪ್ಪಿರಲಿಲ್ಲ, ಕಣ್ಣು ಮಂಜಾಗಿರಲಿಲ್ಲ — ನಾನೇ, ನಿನ್ನ ಹಿರಿಯ ನೆಗೆಣ್ಣಿ, ಬೇಕೆಂದೇ ಹಾಕಿದೆ.

ಲಕ್ಷ್ಮೇಶ್ವರದ ಕಸೂತಿ ತರಗತಿಗೆ ಒಬ್ಬ ಶಿಕ್ಷಕಿ ಬೇಕಾಗಿದ್ದರು. ಬೆಟಗೇರಿಯ ಒಂದೇ ಮನೆಯಿಂದ ನಾವಿಬ್ಬರೂ ಹೊರಟೆವು. ಗವಂತಿ, ಮುರಗಿ, ನೇಗಿ, ಮೆಂತೆ — ಎಲ್ಲ ಹೊಲಿಗೆಗಳನ್ನೂ ಒಂದೇ ಮಾದರಿ ಬಟ್ಟೆಯಲ್ಲಿ ತೋರಿಸಬೇಕಿತ್ತು. ನಾನು ಆನೆಯ ಸಾಲು ಹಾಕಿ ಮುಗಿಸಿದ್ದೆ. ನೀನು ತುಳಸಿಕಟ್ಟೆ, ನವಿಲು, ಅಂಚಿಗೆ ಗೋಪುರ... ಯವ್ವಾ, ಎಂಥ ಕೆಲಸ ಅದು! ಗವಂತಿಯ ಗೆರೆ ಒಂದು ಟಾಕಾ ಬಿಟ್ಟು ಒಂದು ಹಾಕುತ್ತ ಮುಂದೆ ಹೋಗಿ, ಬಿಟ್ಟ ಜಾಗ ತುಂಬುತ್ತ ಹಿಂದೆ ಬಂದು, ಬಟ್ಟೆಯ ಎರಡೂ ಬದಿ ಒಂದೇ ಆಗಿತ್ತು. ಅತ್ತೆ ಅದನ್ನು ಓಣಿಗೆಲ್ಲ ತೋರಿಸಿ ಬಂದರು. ನನ್ನದನ್ನು ಕೇಳಲೂ ಇಲ್ಲ. ಹೊಟ್ಟೆ ಉರಿಯಿತು — ಇನ್ನೇನು ಕಾರಣ ಹೇಳಲಿ?

"ಅಕ್ಕಾ, ನಾ ತವರಿಗೆ, ಡೋಣಿಗೆ ಹೋಗಿ ಅವ್ವನ್ನ ನೋಡಿ ಬರ್ತೀನಿ. ಅರಬಿಗೆ ಒಂದೀಟು ಇಸ್ತ್ರಿ ಹಾಕಿ ಇಡ್ರಿ. ನನಗ ಬ್ಯಾರೆ ಏನೂ ಬರಂಗಿಲ್ಲ, ಇದೊಂದ ಬರ್ತೈತಿ" ಎಂದು ನಕ್ಕು, ಬಟ್ಟೆಯನ್ನು ನನ್ನ ಕೈಗೇ ಕೊಟ್ಟು ಹೋದೆ.

ಕಸೂತಿಯಲ್ಲಿ ಎಲ್ಲೂ ಗಂಟು ಇರಬಾರದು, ದಾರದ ತುದಿಯನ್ನು ಹೊಲಿಗೆಯ ಕೆಳಗೇ ಅಡಗಿಸಬೇಕು — ನಾವು ಕಲಿತ ಮೊದಲ ಪಾಠವೇ ಅದು. ನವಿಲಿನ ಕತ್ತಿನ ಬಳಿ ನೀನು ಅಡಗಿಸಿದ್ದ ತುದಿಯನ್ನು ಸೂಜಿಯಿಂದ ಎಬ್ಬಿಸಿ, ಬಿಗಿದು ಗಂಟು ಹಾಕಿ, ಮೇಲೆ ಇಸ್ತ್ರಿ ಎಳೆದೆ. ಮಡಚಿ ಇಟ್ಟೆ; ನೀನು ಬಂದವಳು ಬಿಚ್ಚಿಯೂ ನೋಡದೆ ಒಯ್ದೆ.

ಪರೀಕ್ಷಿಸಲು ಬಂದ ಹಿರಿಯ ಶಿಕ್ಷಕಿ ಬಟ್ಟೆಯನ್ನು ತಿರುಗಿಸಿಯೇ ಮೊದಲು ನೋಡಿದರು. "ಗಂಟ ಹಾಕೀರಲ್ರೀ! ನೀವ ಹಿಂಗ ಮಾಡಿದ್ರ ಹುಡುಗ್ಯಾರಿಗೆ ಏನ್ ಕಲಸ್ತೀರಿ?"

"ನಾ ಹಾಕಿಲ್ರೀ..." ಎಂದು ನೀನು ನನ್ನ ಕಡೆ ನೋಡಿದೆ. ಆಗ ನಾನು ಅಂದೆ — "ಗಡಿಬಿಡಿಯೊಳಗ ಹಾಕಿದಿ ಬಿಡ, ಗಿರಿಜಾ. ಹಾಕೋದು ನಾನ ನೋಡೇನಿ."

ಗಂಟಿಗಿಂತ ಆ ಮಾತು ದೊಡ್ಡ ಪಾಪ. ನೀನು ನಿನ್ನ ಕೈಯನ್ನು ಬಿಟ್ಟು ನನ್ನನ್ನು ನಂಬಿದೆ. ಕೆಲಸ ನನಗೆ ಬಂತು. ನೀನು ಮತ್ತೆ ಸೂಜಿ ಹಿಡಿಯಲಿಲ್ಲ. ಕುಪ್ಪಸಕ್ಕೆ ಹುಕ್ಕು ಹಚ್ಚುವುದಿದ್ದರೂ "ನನ್ನ ಕೈಯಾಗ ಸುದ್ದ ಆಗಂಗಿಲ್ಲ, ಅಕ್ಕಾ" ಎಂದು ನನ್ನ ಬಳಿಯೇ ತರುತ್ತೀಯ. ನಾನು ಹಚ್ಚಿಯೂ ಕೊಡುತ್ತೇನೆ, ಎಂಥ ಭಂಡಳು ನೋಡು.

ಈಗ ನಿನ್ನ ಮಗಳು ಸುಮಾ ನನ್ನ ತರಗತಿಗೇ ಬರುತ್ತಾಳೆ. ನಿನ್ನೆ ಹುಡುಗಿಯರ ನಡುವೆ ಕುಳಿತು ಕೇಳಿದಳು: "ದೊಡ್ಡವ್ವಾ, ನಮ್ಮವ್ವಗ ಕಸೂತಿ ಬರ್ತಿದ್ದಿಲ್ಲಂತ, ಖರೇನ?" ಉಳಿದವರು ಕಿಸಕ್ಕನೆ ನಕ್ಕರು. ಅವಳ ಮುಖ ಸಣ್ಣದಾಯಿತು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು —

"ಹೂಂ, ಖರೆ" ಅಂದೆ.

ಥೂ, ನನ್ನ ಜನ್ಮಕ್ಕಿಷ್ಟು! ಇಷ್ಟು ವರ್ಷಗಳಾದ ಮೇಲೂ, ಒಂದು ಕೂಸಿನ ಮುಂದೂ...

ಕ್ಷಮಿಸು ಎಂದು ಕೇಳುವುದಿಲ್ಲ. ನಾಳೆ ಅದೇ ಹುಡುಗಿಯರ ಮುಂದೆ, ಸುಮಾಳನ್ನು ಎದುರಿಗೆ ಕೂರಿಸಿಕೊಂಡು, ಎಲ್ಲವನ್ನೂ ಹೇಳುತ್ತೇನೆ. ಅದಕ್ಕೂ ಮೊದಲು ನಿನಗೆ ಹೇಳಬೇಕಿತ್ತು, ಅದಕ್ಕೇ ಈ ಕಾಗದ. ನಿನಗೆ ಕಸೂತಿ ಬರುತ್ತಿತ್ತು, ಗಿರಿಜಾ. ನನಗಿಂತ ಚೆನ್ನಾಗಿ ಬರುತ್ತಿತ್ತು.